ರಣಹದ್ದು ರೈತನ ಮಿತ್ರ: ದನದ ಔಷಧಿಯಲ್ಲಿದೆ ಅದರ ಅಳಿವು ಉಳಿವು

ಈಗ ಐವತ್ತು ವಯಸ್ಸು ದಾಟಿದ ಯಾವ ರೈತನನ್ನಾದರೂ ಕೇಳಿ ನೋಡಿ. ಅವರು ಚಿಕ್ಕವರಾಗಿದ್ದಾಗ ಊರಿನಲ್ಲಿ ಎತ್ತೋ ಎಮ್ಮೆಯೋ ಸತ್ತರೆ ಅದನ್ನು ಊರಾಚೆಯ ಬಯಲಿಗೆ ಎಳೆದು ಹಾಕುತ್ತಿದ್ದರು. ಚರ್ಮ ಸುಲಿದುಕೊಂಡು ಹೋದ ಸ್ವಲ್ಪ ಹೊತ್ತಿಗೆಲ್ಲ ಆಕಾಶದಲ್ಲಿ ಒಂದು ಚುಕ್ಕೆ ಕಾಣಿಸಿಕೊಳ್ಳುತ್ತಿತ್ತು. ಒಂದು ಎರಡಾಗಿ, ಎರಡು ಇಪ್ಪತ್ತಾಗಿ, ರಣಹದ್ದುಗಳ ಹಿಂಡೇ ಬಂದಿಳಿಯುತ್ತಿತ್ತು. ಸಂಜೆಯ ವೇಳೆಗೆ ಅಲ್ಲಿ ಉಳಿಯುತ್ತಿದ್ದುದು ಮೂಳೆಗಳು ಮಾತ್ರ. ನಾತವಿಲ್ಲ, ನೊಣವಿಲ್ಲ, ಹುಳುವಿಲ್ಲ. ಈ ಕೆಲಸಕ್ಕೆ ಊರಿನವರು ಒಂದು ಕಾಸನ್ನೂ ಖರ್ಚು ಮಾಡಬೇಕಾಗಿರಲಿಲ್ಲ.

ಈಗ ನಿಮ್ಮ ಮನೆಯ ಮಕ್ಕಳನ್ನು ರಣಹದ್ದು ನೋಡಿದ್ದೀರಾ ಎಂದು ಕೇಳಿ. ನೂರಕ್ಕೆ ತೊಂಬತ್ತೊಂಬತ್ತು ಮಕ್ಕಳು ಇಲ್ಲವೆನ್ನುತ್ತಾರೆ. ಇಷ್ಟು ದೊಡ್ಡ ಪಕ್ಷಿ, ಅದೂ ಕೋಟಿಗಟ್ಟಲೆ ಇದ್ದದ್ದು, ಹತ್ತು ಹದಿನೈದು ವರ್ಷಗಳಲ್ಲಿ ಎಲ್ಲಿ ಹೋಯಿತು? ಅದನ್ನು ಯಾರೂ ಬೇಟೆಯಾಡಲಿಲ್ಲ. ಕಾಡು ಕಡಿದುದೂ ಮುಖ್ಯ ಕಾರಣವಲ್ಲ. ಕಾರಣವಿದ್ದದ್ದು ನಮ್ಮ ಕೊಟ್ಟಿಗೆಯಲ್ಲಿ, ಕುಂಟುವ ಎತ್ತಿಗೂ ಜ್ವರ ಬಂದ ಹಸುವಿಗೂ ಕೊಡಿಸಿದ ಒಂದು ಚುಚ್ಚುಮದ್ದಿನಲ್ಲಿ. ಅದು ಹೇಗೆಂಬುದನ್ನೂ, ಉಳಿದಿರುವ ಹದ್ದುಗಳನ್ನು ಉಳಿಸಿಕೊಳ್ಳಲು ರೈತರು ಏನು ಮಾಡಬಹುದೆಂಬುದನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ರಣಹದ್ದಿನ ಪರಿಚಯ

ಕೋಳಿಮರಿಯನ್ನು ಎತ್ತಿಕೊಂಡು ಹೋಗುವ ಗರುಡ, ಗಿಡುಗ ಮೊದಲಾದ ಹಕ್ಕಿಗಳೇ ಬೇರೆ, ರಣಹದ್ದೇ ಬೇರೆ. ರಣಹದ್ದಿನ ತಲೆ, ಕುತ್ತಿಗೆಗಳ ಮೇಲೆ ಗರಿಗಳು ಬಹಳ ಕಡಮೆ. ಸತ್ತ ಪ್ರಾಣಿಯ ಹೊಟ್ಟೆಯೊಳಕ್ಕೆ ಕತ್ತು ತೂರಿಸಿ ತಿನ್ನಬೇಕಾದುದರಿಂದ ಬೋಳು ಕತ್ತು ಅದಕ್ಕೆ ಅನುಕೂಲ. ದೊಡ್ಡ ಹದ್ದು ೫ ಕಿಲೋಗ್ರಾಂನಷ್ಟು ತೂಗುತ್ತದೆ. ರೆಕ್ಕೆ ಬಿಚ್ಚಿದರೆ ಆರು ಅಡಿಗೂ ಹೆಚ್ಚು ಅಗಲ. ಇದರ ಉಗುರುಗಳು ಮೊಂಡು. ಆದ್ದರಿಂದ ಕುರಿಮರಿ, ಕರು, ಕೋಳಿಗಳಿಗೆ ಇದರಿಂದ ಭಯವಿಲ್ಲ. ಸತ್ತ ಪ್ರಾಣಿಯೇ ಇದರ ಆಹಾರ.

ಭಾರತದಲ್ಲಿ ಒಟ್ಟು ೯ ಜಾತಿಯ ರಣಹದ್ದುಗಳಿವೆ. ಕರ್ನಾಟಕದಲ್ಲಿ ನಾವು ಮುಖ್ಯವಾಗಿ ಗುರುತಿಸಬೇಕಾದವು ನಾಲ್ಕು:

೧. ಬಿಳಿ ಬೆನ್ನಿನ ರಣಹದ್ದು: ಹಿಂದೆ ಎಲ್ಲಕ್ಕಿಂತ ಹೆಚ್ಚಾಗಿದ್ದದ್ದು. ಹಾರುವಾಗ ರೆಕ್ಕೆಯ ಅಡಿಯಲ್ಲಿ ಬಿಳಿ ಪಟ್ಟೆಯೂ, ಬೆನ್ನಿನ ಕೆಳಭಾಗದಲ್ಲಿ ಬಿಳಿ ಮಚ್ಚೆಯೂ ಕಾಣುತ್ತವೆ. ಹೊಳೆದಂಡೆಯ ಹೊಳೆಮತ್ತಿಯಂಥ ಎತ್ತರದ ಮರಗಳಲ್ಲಿ ಗೂಡು ಕಟ್ಟುತ್ತದೆ.

೨. ಉದ್ದ ಕೊಕ್ಕಿನ ರಣಹದ್ದು: ಕಡಿದಾದ ಬಂಡೆಬೆಟ್ಟಗಳ ಚಾಚುಗಳಲ್ಲಿ ಗೂಡು. ರಾಮನಗರದ ಬಳಿಯ ರಾಮದೇವರ ಬೆಟ್ಟದಲ್ಲಿರುವುದು ಇದೇ.

೩. ಕೆಂಪು ತಲೆಯ ರಣಹದ್ದು: ಮೈ ಕಪ್ಪು, ತಲೆ ಕತ್ತು ಕೆಂಪು. ಹಿಂಡಾಗಿರದೆ ಒಂಟಿಯಾಗಿ ಅಥವಾ ಜೋಡಿಯಾಗಿರುತ್ತದೆ.

೪. ಬಿಳಿ ರಣಹದ್ದು: ಗಾತ್ರದಲ್ಲಿ ಚಿಕ್ಕದು. ಮೈ ಬಿಳುಪು, ಮುಖ ಹಳದಿ.

ರಣಹದ್ದುಗಳು ವಾಸನೆಯಿಂದ ಹೆಣವನ್ನು ಪತ್ತೆ ಮಾಡುತ್ತವೆಂದು ಹಲವರ ನಂಬಿಕೆ. ನಮ್ಮ ದೇಶದ ರಣಹದ್ದುಗಳು ಹುಡುಕುವುದು ಕಣ್ಣಿನಿಂದ. ಬಹಳ ಎತ್ತರದಲ್ಲಿ ತೇಲುತ್ತ ನೆಲವನ್ನೂ, ಸುತ್ತ ಹಾರುವ ಇತರ ಹದ್ದುಗಳನ್ನೂ ನೋಡುತ್ತಿರುತ್ತವೆ. ಒಂದು ಕೆಳಗಿಳಿದರೆ ಅದನ್ನು ಕಂಡು ಇನ್ನೊಂದು, ಇನ್ನೊಂದನ್ನು ಕಂಡು ಮತ್ತೊಂದು ಬರುತ್ತದೆ. ಹೀಗಾಗಿಯೇ ಒಂದು ಹೆಣದ ಮೇಲೆ ಹತ್ತಾರು ಹದ್ದುಗಳು ಸೇರುತ್ತವೆ. ಈ ಅಂಶವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದು ಮುಖ್ಯವಾಗುತ್ತದೆ.

ಹದ್ದು ಮಾಡುತ್ತಿದ್ದ ಕೆಲಸ

ಹದ್ದಿನ ಹೊಟ್ಟೆಯಲ್ಲಿ ಊರುವ ಆಮ್ಲ ಬಹಳ ತೀಕ್ಷ್ಣವಾದುದು. ಕೊಳೆತ ಮಾಂಸದಲ್ಲಿರುವ ರೋಗಾಣುಗಳಲ್ಲಿ ಬಹುಪಾಲು ಅಲ್ಲಿಯೇ ಸಾಯುತ್ತವೆ. ನಾಯಿ, ನರಿ, ಇಲಿಗಳು ಇದೇ ಮಾಂಸ ತಿಂದರೆ ರೋಗವನ್ನು ಹೊತ್ತು ತಿರುಗುವ ಸಂಭವವುಂಟು. ಹದ್ದುಗಳ ಹಿಂಡು ಒಂದು ದನವನ್ನು ಕೆಲವೇ ಗಂಟೆಗಳಲ್ಲಿ ಮುಗಿಸುತ್ತಿದ್ದುದರಿಂದ ಹೆಣ ಕೊಳೆತು ರಸ ಸೋರಿ ಕೆರೆ ಕುಂಟೆಗಳನ್ನು ಸೇರುತ್ತಿರಲಿಲ್ಲ. ಶುಚಿಯಾಗಿ ಉಳಿದ ಮೂಳೆಗಳನ್ನು ಆಯ್ದು ಮಾರಿ ಜೀವನ ಮಾಡುವವರೂ ಇದ್ದರು. ಆ ಮೂಳೆಗಳಿಂದ ತಯಾರಾದ ಮೂಳೆಗೊಬ್ಬರ ಮತ್ತೆ ರೈತನ ಹೊಲಕ್ಕೇ ಬರುತ್ತಿತ್ತು.

ಹದ್ದನ್ನು ಅಪಶಕುನದ ಪಕ್ಷಿಯೆಂದು ಕೆಲವರು ದೂರವಿಟ್ಟರು. ಆದರೆ ರಾಮಾಯಣದಲ್ಲಿ ಸೀತೆಯನ್ನು ಬಿಡಿಸಲು ಹೋರಾಡಿ ರೆಕ್ಕೆ ಕಳೆದುಕೊಂಡ ಜಟಾಯುವೂ ಇದೇ ಕುಲದವನು. ಅವನಿಗೆ ರಾಮನೇ ಅಂತ್ಯಸಂಸ್ಕಾರ ಮಾಡಿದನೆಂಬುದು ನಮ್ಮ ಜನ ಬಲ್ಲ ಕಥೆ.

ಹದ್ದುಗಳು ಕಣ್ಮರೆಯಾದ ಬಗೆ

೧೯೮೦ರ ದಶಕದಲ್ಲಿ ಬಿಳಿ ಬೆನ್ನಿನ ರಣಹದ್ದು ಪ್ರಪಂಚದ ದೊಡ್ಡ ಬೇಟೆಹಕ್ಕಿ ಜಾತಿಗಳಲ್ಲೆಲ್ಲ ಅತ್ಯಂತ ಹೆಚ್ಚು ಸಂಖ್ಯೆಯಲ್ಲಿದ್ದ ಪಕ್ಷಿಯೆಂದು ಭಾವಿಸಲಾಗಿತ್ತು. ೧೯೯೦ರ ದಶಕದಲ್ಲಿ ಪರಿಸ್ಥಿತಿ ಬದಲಾಯಿತು. ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿ ಹದ್ದುಗಳು ಮರದ ಕೊಂಬೆಗಳ ಮೇಲೆ ಕತ್ತು ಜೋಲು ಬಿಟ್ಟು ಕುಳಿತಿರುವುದನ್ನೂ, ಹಾಗೆಯೇ ಕೆಳಗೆ ಬಿದ್ದು ಸಾಯುವುದನ್ನೂ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿ ಡಾ. ವಿಭು ಪ್ರಕಾಶ್ ಅವರು ಗಮನಿಸಿದರು. ಬಳಿಕ ದೇಶದಾದ್ಯಂತ ರಸ್ತೆಗಳುದ್ದಕ್ಕೂ ಹದ್ದುಗಳನ್ನು ಎಣಿಸಲಾಯಿತು. ೧೯೯೨ರಿಂದ ೨೦೦೭ರವರೆಗಿನ ಅವಧಿಯಲ್ಲಿ ಬಿಳಿ ಬೆನ್ನಿನ ರಣಹದ್ದು ಶೇಕಡಾ ೯೯.೯ರಷ್ಟು ಇಳಿದಿತ್ತು. ಅಂದರೆ ಸಾವಿರ ಹದ್ದುಗಳಿದ್ದ ಕಡೆ ಉಳಿದದ್ದು ಒಂದು. ಉದ್ದ ಕೊಕ್ಕಿನ ಜಾತಿಗಳು ಶೇಕಡಾ ೯೭ರಷ್ಟು ಇಳಿದಿದ್ದವು.

ಮೊದಮೊದಲು ಇದು ಅಂಟುರೋಗವಿರಬಹುದು, ಹೊಲದ ಕೀಟನಾಶಕವಿರಬಹುದು ಎಂದೆಲ್ಲ ಶಂಕಿಸಲಾಯಿತು. ಸತ್ತ ಹದ್ದುಗಳ ಹೊಟ್ಟೆ ಸೀಳಿ ನೋಡಿದಾಗ ಹೆಚ್ಚಿನವುಗಳಲ್ಲಿ ಒಂದೇ ಲಕ್ಷಣ ಕಂಡಿತು. ಹೃದಯ, ಪಿತ್ತಜನಕಾಂಗ, ಮೂತ್ರಪಿಂಡಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪುಡಿ ಅಂಟಿಕೊಂಡಿತ್ತು. ಅದು ಯೂರಿಕ್ ಆಮ್ಲ. ಮೂತ್ರಪಿಂಡ ಕೆಟ್ಟು, ಹೊರಹೋಗಬೇಕಾದ ಕಶ್ಮಲ ಮೈಯೊಳಗೇ ಉಳಿದಾಗ ಪಕ್ಷಿಗಳಲ್ಲಿ ಹೀಗಾಗುತ್ತದೆ. ಮೂತ್ರಪಿಂಡ ಕೆಡಿಸಿದ್ದು ಯಾವುದು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯಿಂದ. ಡಾ. ಲಿಂಡ್ಸೆ ಓಕ್ಸ್ ಮತ್ತು ಅವರ ಸಂಗಡಿಗರು ೨೦೦೪ರಲ್ಲಿ ಪ್ರಕಟಿಸಿದ ವರದಿಯಂತೆ ಆ ವಸ್ತು ಡೈಕ್ಲೋಫಿನಾಕ್.

ಔಷಧಿ ವಿಷವಾದುದು ಹೇಗೆ?

ಡೈಕ್ಲೋಫಿನಾಕ್ ಮನುಷ್ಯರೂ ಬಳಸುವ ನೋವುನಿವಾರಕ. ನೋವು, ಬಾವು, ಜ್ವರ ಮೂರನ್ನೂ ಬೇಗ ತಗ್ಗಿಸುತ್ತದೆ. ೧೯೯೦ರ ದಶಕದಲ್ಲಿ ಇದು ಅಗ್ಗವಾಗಿ ಸಿಗತೊಡಗಿದಾಗ ದನಗಳಿಗೂ ಬಳಕೆಗೆ ಬಂದಿತು. ಕೆಚ್ಚಲು ಬಾವು, ಕಾಲು ಉಳುಕು, ಹೆರಿಗೆಯ ತೊಂದರೆ, ಜ್ವರ, ಹೀಗೆ ಎಲ್ಲಕ್ಕೂ ಇದೇ ಮದ್ದಾಯಿತು. ದನಕ್ಕೆ ಇದರಿಂದ ಗುಣವೂ ಕಾಣುತ್ತಿತ್ತು. ಆದ್ದರಿಂದ ಇದನ್ನು ಕೊಡಿಸಿದ ರೈತನನ್ನಾಗಲಿ, ಕೊಟ್ಟ ವೈದ್ಯರನ್ನಾಗಲಿ ದೂಷಿಸುವಂತಿಲ್ಲ. ಹದ್ದಿಗೆ ಇದು ವಿಷವೆಂದು ಆಗ ಯಾರಿಗೂ ತಿಳಿದಿರಲಿಲ್ಲ.

ಔಷಧಿ ಕೊಟ್ಟ ಮೇಲೆ ಕೆಲವು ದಿನಗಳವರೆಗೆ ಅದರ ಅಂಶ ದನದ ಪಿತ್ತಜನಕಾಂಗ, ಮೂತ್ರಪಿಂಡ ಮೊದಲಾದ ಭಾಗಗಳಲ್ಲಿ ಉಳಿದಿರುತ್ತದೆ. ದನ ಗುಣವಾಗಿ ಬದುಕಿದರೆ ತೊಂದರೆಯಿಲ್ಲ. ಆ ಅಂಶ ಮೂತ್ರ, ಸಗಣಿಯ ಮೂಲಕ ಹೊರಗೆ ಹೋಗುತ್ತದೆ. ಆದರೆ ಔಷಧಿ ಕೊಟ್ಟ ಒಂದೆರಡು ದಿನಗಳಲ್ಲಿಯೇ ದನ ಸತ್ತರೆ ಆ ಅಂಶ ಹೆಣದಲ್ಲಿಯೇ ಉಳಿಯುತ್ತದೆ. ಸಾಯುವ ದನಕ್ಕೇ ಕೊನೆಗಳಿಗೆಯಲ್ಲಿ ಹೆಚ್ಚು ಔಷಧಿ ಕೊಡುವುದು ವಾಡಿಕೆಯೆಂಬುದನ್ನು ನೀವು ಬಲ್ಲಿರಿ. ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ. ಎರಡು ಮೂರು ದಿನಗಳೊಳಗೆ ಹದ್ದು ಸಾಯುತ್ತದೆ.

ಒಂದು ಸಣ್ಣ ಲೆಕ್ಕ

"ಎಲ್ಲೋ ಒಂದೆರಡು ದನಕ್ಕೆ ಈ ಮದ್ದು ಕೊಟ್ಟರೆ ದೇಶದ ಹದ್ದುಗಳೆಲ್ಲ ಹೇಗೆ ನಾಶವಾದಾವು?" ಎಂದು ನೀವು ಕೇಳಬಹುದು. ಈ ಲೆಕ್ಕವನ್ನು ನೋಡಿ. ಹದ್ದು ಮೂರು ದಿನಕ್ಕೊಮ್ಮೆ ಹೊಟ್ಟೆ ತುಂಬ ತಿನ್ನುತ್ತದೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ ಸುಮಾರು ೧೨೦ ಊಟ. ೨೦೦ ಹೆಣಗಳಲ್ಲಿ ಒಂದೇ ಒಂದು ವಿಷಪೂರಿತವಾಗಿದೆಯೆಂದುಕೊಳ್ಳಿ. ಆಗಲೂ ವರ್ಷದೊಳಗೆ ೧೦೦ ಹದ್ದುಗಳಲ್ಲಿ ಸುಮಾರು ೪೫ಕ್ಕೆ ಆ ವಿಷದ ಊಟ ಸಿಕ್ಕಿರುತ್ತದೆ. ಮರುವರ್ಷ ಉಳಿದವುಗಳಲ್ಲಿ ಮತ್ತೆ ಅಷ್ಟೇ ಪ್ರಮಾಣ ಹೋಗುತ್ತದೆ. ಹತ್ತು ವರ್ಷಕ್ಕೆ ನೂರರಲ್ಲಿ ಒಂದೂ ಉಳಿಯುವುದಿಲ್ಲ.

ನಿಜಸ್ಥಿತಿ ಇದಕ್ಕಿಂತ ಕೆಟ್ಟದಾಗಿತ್ತು. ೨೦೦೪-೦೫ರಲ್ಲಿ ಭಾರತದ ಹಲವು ರಾಜ್ಯಗಳಲ್ಲಿ ಸತ್ತ ದನಗಳ ಪಿತ್ತಜನಕಾಂಗಗಳನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು ಹತ್ತರಲ್ಲಿ ಡೈಕ್ಲೋಫಿನಾಕ್ ಅಂಶ ಸಿಕ್ಕಿತು. ಎಲ್ಲದರಲ್ಲಿಯೂ ಅದು ಸಾಯಿಸುವ ಪ್ರಮಾಣದಲ್ಲಿರಲಿಲ್ಲ. ಆದರೂ ಒಂದು ಹೆಣದ ಮೇಲೆ ಹತ್ತಾರು ಹದ್ದುಗಳು ಎರಗುವುದರಿಂದ ಒಂದು ದನ ಇಡೀ ಹಿಂಡನ್ನೇ ಕೊಲ್ಲಬಲ್ಲದು.

ಇಷ್ಟಾದರೂ ಕೋಳಿಯಂತೆ ಬೇಗ ಮರಿ ಮಾಡುವ ಪಕ್ಷಿಯಾಗಿದ್ದರೆ ಚೇತರಿಸಿಕೊಳ್ಳುತ್ತಿತ್ತು. ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಗಂಡು ಹೆಣ್ಣು ಎರಡೂ ಸರದಿಯ ಮೇಲೆ ಸುಮಾರು ಎರಡು ತಿಂಗಳು ಕಾವು ಕೊಡುತ್ತವೆ. ಮರಿ ಗೂಡು ಬಿಡಲು ಮತ್ತೆ ಮೂರು ನಾಲ್ಕು ತಿಂಗಳು ಬೇಕು. ಆ ಮರಿ ತಾನು ಮರಿ ಮಾಡುವಷ್ಟು ಬೆಳೆಯಲು ಐದು ವರ್ಷವಾದರೂ ಹಿಡಿಯುತ್ತದೆ. ಗೂಡಿನಲ್ಲಿ ಮರಿಯಿರುವಾಗ ತಾಯಿತಂದೆಗಳಲ್ಲಿ ಒಂದು ಸತ್ತರೂ ಮರಿ ಉಳಿಯುವುದು ಕಷ್ಟ. ಆದ್ದರಿಂದ ಒಂದು ದೊಡ್ಡ ಹದ್ದು ಸತ್ತರೆ ಆ ನಷ್ಟ ತುಂಬಲು ವರ್ಷಗಳೇ ಬೇಕಾಗುತ್ತವೆ.

ಹದ್ದು ಹೋದುದರಿಂದ ಆದ ನಷ್ಟ

ಹದ್ದುಗಳು ಇಲ್ಲವಾದ ಮೇಲೆ ಹೆಣಗಳು ಬಯಲಿನಲ್ಲಿಯೇ ಕೊಳೆಯತೊಡಗಿದವು. ಅವು ಬೀದಿನಾಯಿಗಳಿಗೂ ಇಲಿಗಳಿಗೂ ಆಹಾರವಾದವು. ಹೆಣಗಳನ್ನು ಹಾಕುವ ಜಾಗಗಳಲ್ಲಿ ನಾಯಿಗಳ ಹಿಂಡುಗಳು ಬೆಳೆದವು. ಇಂಥ ನಾಯಿಗಳು ಮೇಯಲು ಬಿಟ್ಟ ಕರು, ಕುರಿ, ಮೇಕೆಗಳ ಮೇಲೆ ಬೀಳುವುದನ್ನು ಅನೇಕ ರೈತರು ಕಂಡಿದ್ದಾರೆ. ಇದಕ್ಕಿಂತ ಭಯಂಕರವಾದುದು ಹುಚ್ಚುನಾಯಿ ರೋಗ. ಒಮ್ಮೆ ಲಕ್ಷಣ ಕಾಣಿಸಿಕೊಂಡರೆ ಈ ರೋಗ ಬಂದ ಮನುಷ್ಯನಾಗಲಿ ದನವಾಗಲಿ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ.

ಹದ್ದುಗಳ ನಾಶದಿಂದ ಮನುಷ್ಯರಿಗಾದ ಹಾನಿಯನ್ನು ಇಬ್ಬರು ಅರ್ಥಶಾಸ್ತ್ರಜ್ಞರು, ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್, ಲೆಕ್ಕ ಹಾಕಿ ೨೦೨೪ರಲ್ಲಿ ಪ್ರಕಟಿಸಿದ್ದಾರೆ. ಹಿಂದೆ ಹದ್ದುಗಳು ಹೆಚ್ಚಾಗಿದ್ದ ಜಿಲ್ಲೆಗಳನ್ನೂ, ಮೊದಲಿನಿಂದಲೂ ಕಡಮೆಯಿದ್ದ ಜಿಲ್ಲೆಗಳನ್ನೂ ಹೋಲಿಸಿ ನೋಡಿದಾಗ, ಹದ್ದುಗಳಿದ್ದ ಜಿಲ್ಲೆಗಳಲ್ಲಿ ಅವು ಹೋದ ಮೇಲೆ ಮನುಷ್ಯರ ಸಾವಿನ ಪ್ರಮಾಣ ಶೇಕಡಾ ೪ಕ್ಕಿಂತ ಹೆಚ್ಚು ಏರಿತ್ತು. ೨೦೦೦ದಿಂದ ೨೦೦೫ರವರೆಗಿನ ಅವಧಿಯಲ್ಲಿ ಇದರಿಂದಾದ ಹೆಚ್ಚುವರಿ ಸಾವುಗಳು ಸುಮಾರು ೫ ಲಕ್ಷವೆಂದು ಅವರ ಅಂದಾಜು. ಕೊಳೆತ ಹೆಣಗಳಿಂದ ಕೆಟ್ಟ ನೀರು, ಹೆಚ್ಚಿದ ನಾಯಿಗಳು ಇದಕ್ಕೆ ಕಾರಣವೆಂದು ಅವರು ತೋರಿಸಿದ್ದಾರೆ. ಹದ್ದು ಬಿಟ್ಟಿಯಾಗಿ ಮಾಡುತ್ತಿದ್ದ ಕೆಲಸದ ಬೆಲೆ ಅದು ಹೋದ ಮೇಲೆ ತಿಳಿಯಿತು.

ಕಾನೂನು ಏನು ಹೇಳುತ್ತದೆ?

ದನಗಳಿಗೆ ಕೊಡುವ ಡೈಕ್ಲೋಫಿನಾಕ್ ತಯಾರಿಕೆಯನ್ನು ಭಾರತ ಸರ್ಕಾರ ೨೦೦೬ರಲ್ಲಿ ನಿಲ್ಲಿಸಿತು. ಅದೇ ವರ್ಷ ನೇಪಾಳ, ಪಾಕಿಸ್ತಾನಗಳೂ ಇದೇ ಕ್ರಮ ಕೈಗೊಂಡವು. ಆದರೆ ಮನುಷ್ಯರಿಗಾಗಿ ತಯಾರಾದ ದೊಡ್ಡ ಸೀಸೆಗಳನ್ನು ಕೊಂಡು ದನಗಳಿಗೆ ಚುಚ್ಚುವುದು ಮುಂದುವರಿಯಿತು. ಆದ್ದರಿಂದ ೨೦೧೫ರಲ್ಲಿ ಮನುಷ್ಯರ ಬಳಕೆಯ ಡೈಕ್ಲೋಫಿನಾಕ್ ಚುಚ್ಚುಮದ್ದನ್ನು ಒಂದೇ ಸಲಕ್ಕಾಗುವ ೩ ಮಿಲಿಲೀಟರಿನ ಸಣ್ಣ ಸೀಸೆಗಳಲ್ಲಿ ಮಾತ್ರ ಮಾರಬೇಕೆಂದು ನಿಯಮ ಬಂದಿತು. ಇದೇ ಬಗೆಯ ಹಾನಿ ಮಾಡುವ ಅಸಿಕ್ಲೋಫಿನಾಕ್ ಮತ್ತು ಕೀಟೋಪ್ರೊಫೇನ್ ಔಷಧಿಗಳನ್ನು ಪ್ರಾಣಿಗಳಿಗೆ ಬಳಸುವುದನ್ನು ೨೦೨೩ರ ಜುಲೈನಲ್ಲಿಯೂ, ನಿಮೆಸುಲೈಡನ್ನು ೨೦೨೪ರ ಡಿಸೆಂಬರಿನಲ್ಲಿಯೂ ನಿಷೇಧಿಸಲಾಗಿದೆ.

ಕಾನೂನು ಅಂಗಡಿಯವರೆಗೆ ಬರಬಲ್ಲದು. ಕೊಟ್ಟಿಗೆಯೊಳಗಿನ ಬಳಕೆಯನ್ನು ತಡೆಯಬೇಕಾದವನು ದನದ ಯಜಮಾನನೇ.

ಯಾವ ಔಷಧಿ ಬೇಡ, ಯಾವುದು ಸರಿ?

ದನಗಳಿಗೆ ಕೊಡಿಸಬಾರದವು:

೧. ಡೈಕ್ಲೋಫಿನಾಕ್.
೨. ಅಸಿಕ್ಲೋಫಿನಾಕ್. ಹೆಸರು ಬೇರೆಯಾದರೂ ಇದು ದನದ ಮೈಯಲ್ಲಿ ಡೈಕ್ಲೋಫಿನಾಕ್ ಆಗಿಯೇ ಮಾರ್ಪಡುತ್ತದೆ.
೩. ಕೀಟೋಪ್ರೊಫೇನ್.
೪. ನಿಮೆಸುಲೈಡ್.
೫. ಫ್ಲುನಿಕ್ಸಿನ್. ಇದೂ ಹದ್ದುಗಳಿಗೆ ಹಾನಿಕರವೆಂದು ಕಂಡುಬಂದಿದೆ.

ಇವುಗಳ ಬದಲು ಬಳಸಬಹುದಾದವು:

೧. ಮೆಲೋಕ್ಸಿಕಾಮ್. ಇದು ರಣಹದ್ದುಗಳಿಗೆ ಸುರಕ್ಷಿತವೆಂದು ೨೦೦೬ರಲ್ಲಿಯೇ ಪರೀಕ್ಷೆಗಳಿಂದ ಸ್ಥಿರಪಟ್ಟಿದೆ.
೨. ಟಾಲ್ಫೆನಾಮಿಕ್ ಆಮ್ಲ. ಇತ್ತೀಚಿನ ಪರೀಕ್ಷೆಗಳಲ್ಲಿ ಇದೂ ಸುರಕ್ಷಿತವೆಂದು ತಿಳಿದುಬಂದಿದೆ.

ಪ್ರಮಾಣವನ್ನು ದನದ ತೂಕ, ರೋಗಗಳನ್ನು ನೋಡಿ ಪಶುವೈದ್ಯರೇ ನಿರ್ಧರಿಸಬೇಕು. ರೈತರು ತಾವಾಗಿಯೇ ಚುಚ್ಚುಮದ್ದು ಕೊಡಕೂಡದು. ಸೀಸೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ಕಂಪೆನಿ ಇಟ್ಟ ಹೆಸರು. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಔಷಧಿಯ ನಿಜವಾದ ಹೆಸರಿರುತ್ತದೆ. ಅದನ್ನೇ ಓದಬೇಕು. ಇಂಗ್ಲಿಷ್ ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಎರಡು ಮೂರು ಔಷಧಿಗಳ ಮಿಶ್ರಣವಾಗಿದ್ದರೆ ಮೇಲಿನ ಐದರಲ್ಲಿ ಯಾವುದಾದರೂ ಅದರಲ್ಲಿ ಸೇರಿದೆಯೇ ಎಂದು ನೋಡಿ.

ರೈತರು ಕೇಳುವ ಕೆಲವು ಪ್ರಶ್ನೆಗಳು

ಪ್ರಶ್ನೆ: ನಮ್ಮ ಊರಿನಲ್ಲಿ ಹದ್ದುಗಳೇ ಇಲ್ಲ. ನಾವು ಯಾವ ಔಷಧಿ ಕೊಟ್ಟರೇನು?

ಉತ್ತರ: ಗೂಡು ಒಂದು ಕಡೆಯಿದ್ದರೂ ಹದ್ದು ಆಹಾರಕ್ಕಾಗಿ ಹತ್ತಾರು ಮೈಲಿ, ಕೆಲವೊಮ್ಮೆ ನೂರಾರು ಕಿಲೋಮೀಟರು ಹಾರಿಹೋಗುತ್ತದೆ. ಅದಕ್ಕೆ ತಾಲ್ಲೂಕು, ಜಿಲ್ಲೆಗಳ ಗಡಿಯಿಲ್ಲ. ಹದ್ದು ಮರಳಿ ಬರಬೇಕಾದರೆ ಮೊದಲು ಹೆಣ ವಿಷಮುಕ್ತವಾಗಿರಬೇಕು. ಇದಲ್ಲದೆ ನಿಷೇಧಿತ ಔಷಧಿಯನ್ನು ದನಗಳಿಗೆ ಕೊಡುವುದು ಎಲ್ಲಿಯೇ ಆದರೂ ಕಾನೂನಿಗೆ ವಿರುದ್ಧ.

ಪ್ರಶ್ನೆ: ಮೆಲೋಕ್ಸಿಕಾಮ್‌ನಿಂದ ದನಕ್ಕೆ ಅಷ್ಟೇ ಗುಣವಾಗುತ್ತದೆಯೇ?

ಉತ್ತರ: ನೋವು, ಬಾವು, ಜ್ವರಗಳಿಗೆ ಇದು ಪರಿಣಾಮಕಾರಿಯಾದ ಔಷಧಿ. ಮಾರುಕಟ್ಟೆಯಲ್ಲಿ ಸುಲಭವಾಗಿ ದೊರೆಯುತ್ತದೆ. ಆದರೆ ನೋವುನಿವಾರಕ ಯಾವುದೇ ಇರಲಿ, ಅದು ರೋಗದ ಮೂಲವನ್ನು ಕೀಳುವುದಿಲ್ಲವೆಂಬುದನ್ನು ನೆನಪಿಡಬೇಕು. ಕೆಚ್ಚಲು ಬಾವಿಗೆ ಕಾರಣ ರೋಗಾಣು. ಅದಕ್ಕೆ ಬೇರೆ ಚಿಕಿತ್ಸೆ ಬೇಕು. ನೋವು ನಿಂತಿತೆಂದು ಚಿಕಿತ್ಸೆ ನಿಲ್ಲಿಸಿದರೆ ಹಸುವಿನ ಮೊಲೆ ಕೆಟ್ಟುಹೋಗುತ್ತದೆ.

ಪ್ರಶ್ನೆ: ಊರಿಗೆ ಬರುವ ನಾಟಿ ವೈದ್ಯರು ಏನು ಚುಚ್ಚುತ್ತಾರೋ ನಮಗೆ ತಿಳಿಯುವುದಿಲ್ಲ. ಏನು ಮಾಡಬೇಕು?

ಉತ್ತರ: ಚುಚ್ಚುವ ಮೊದಲು ಸೀಸೆ ತೋರಿಸಿರೆಂದು ಕೇಳಿ. ದನ ನಿಮ್ಮದು, ಹಣ ನಿಮ್ಮದು. ಕೇಳುವ ಹಕ್ಕೂ ನಿಮ್ಮದೇ. ಖಾಲಿ ಸೀಸೆಯನ್ನು ಒಂದೆರಡು ವಾರ ಇಟ್ಟುಕೊಳ್ಳಿ. ದನಕ್ಕೆ ತೊಂದರೆಯಾದರೆ ಪಶುವೈದ್ಯರಿಗೆ ಹಿಂದೆ ಕೊಟ್ಟ ಔಷಧಿ ಯಾವುದೆಂದು ತಿಳಿಸಲೂ ಅದು ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಮನುಷ್ಯರು ಡೈಕ್ಲೋಫಿನಾಕ್ ತೆಗೆದುಕೊಂಡರೆ ಹದ್ದಿಗೆ ತೊಂದರೆಯೇ?

ಉತ್ತರ: ಇಲ್ಲ. ವೈದ್ಯರು ಬರೆದುಕೊಟ್ಟರೆ ಮನುಷ್ಯರು ತೆಗೆದುಕೊಳ್ಳಬಹುದು. ಅದನ್ನು ದನಕ್ಕೆ ಕೊಡುವುದು ಮಾತ್ರ ಸಲ್ಲದು.

ಸತ್ತ ದನದ ವಿಲೇವಾರಿ

೨೦೨೨ರಲ್ಲಿ ಚರ್ಮಗಂಟು ರೋಗ ನಮ್ಮ ರಾಜ್ಯದಲ್ಲಿ ಹರಡಿದಾಗ ಸತ್ತ ದನಗಳ ವಿಲೇವಾರಿ ಎಷ್ಟು ಕಷ್ಟದ ಕೆಲಸವೆಂಬುದನ್ನು ಅನೇಕ ರೈತರು ಕಂಡುಕೊಂಡರು. ಈ ವಿಷಯದಲ್ಲಿ ಕೆಳಗಿನ ಅಂಶಗಳನ್ನು ಪಾಲಿಸುವುದು ಒಳಿತು.

೧. ದನ ಇದ್ದಕ್ಕಿದ್ದಂತೆ ಸತ್ತು ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿಯುತ್ತಿದ್ದರೆ ಅದು ನೆರಡಿ ರೋಗವಿರಬಹುದು. ಇಂಥ ಹೆಣವನ್ನು ಯಾವ ಕಾರಣಕ್ಕೂ ಕೊಯ್ಯಬಾರದು, ಚರ್ಮ ಸುಲಿಯಬಾರದು, ಬಯಲಿಗೆ ಹಾಕಬಾರದು. ಈ ರೋಗ ಮನುಷ್ಯರಿಗೂ ತಗಲುತ್ತದೆ. ಗಾಳಿ ತಗಲಿದರೆ ರೋಗಾಣುಗಳು ಮಣ್ಣಿನಲ್ಲಿ ಹಲವು ವರ್ಷ ಬದುಕಬಲ್ಲವು. ಕೂಡಲೇ ಹತ್ತಿರದ ಪಶುವೈದ್ಯಾಲಯಕ್ಕೆ ತಿಳಿಸಿ.

೨. ಅಂಟುರೋಗದಿಂದ ಸತ್ತ ದನವನ್ನೂ, ಹದ್ದಿಗೆ ಹಾನಿಕರವಾದ ಔಷಧಿ ಕೊಟ್ಟ ಮೇಲೆ ಕೆಲವೇ ದಿನಗಳಲ್ಲಿ ಸತ್ತ ದನವನ್ನೂ ಆಳವಾಗಿ ಹೂಳಬೇಕು. ಗುಂಡಿ ಆರು ಅಡಿಗೆ ಕಡಮೆಯಿಲ್ಲದಂತಿರಲಿ. ಹೆಣದ ಕೆಳಗೂ ಮೇಲೂ ಸುಣ್ಣ ಹರಡಿ. ಮೇಲೆ ಮಣ್ಣು ತುಂಬಿ ಮುಳ್ಳುಕಂಟಿ ಹೊದಿಸಿದರೆ ನಾಯಿಗಳು ಬಗೆಯುವುದಿಲ್ಲ.

೩. ಗುಂಡಿ ಬಾವಿ, ಕೆರೆ, ಹಳ್ಳಗಳಿಂದ ದೂರವಿರಲಿ. ನೀರು ನಿಲ್ಲುವ ತಗ್ಗು ಜಾಗ ಬೇಡ.

೪. ಹೆಣವನ್ನು ರಸ್ತೆ ಬದಿಗೆ, ರೈಲು ಹಳಿಯ ಪಕ್ಕಕ್ಕೆ, ಕಾಲುವೆಗೆ ಎಸೆಯಬಾರದು.

೫. ನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಮನೆಯ ನಾಯಿಗೆ ಪ್ರತಿವರ್ಷ ಲಸಿಕೆ ಹಾಕಿಸಬೇಕು.

ಹೆಣಕ್ಕೆ ವಿಷ ಬೆರೆಸಬೇಡಿ

ಕಾಡಂಚಿನ ಹಳ್ಳಿಗಳಲ್ಲಿ ಚಿರತೆಯೋ ಹುಲಿಯೋ ದನ ಹಿಡಿದಾಗ ಸಿಟ್ಟಿನಿಂದ ಅದರ ಹೆಣಕ್ಕೆ ಹೊಲಕ್ಕೆ ಸಿಂಪಡಿಸುವ ಕೀಟನಾಶಕ ಬೆರೆಸಿ ಇಡುವುದುಂಟು. ನಾಯಿಗಳನ್ನು ಕೊಲ್ಲಲೂ ಹೀಗೆ ಮಾಡುವವರಿದ್ದಾರೆ. ದನ ಕಳೆದುಕೊಂಡವನ ಸಂಕಟ ದೊಡ್ಡದೇ. ಆದರೆ ವಿಷವಿಟ್ಟವನು ಯಾರನ್ನು ಕೊಲ್ಲಬೇಕೆಂದುಕೊಂಡಿದ್ದನೋ ಆ ಪ್ರಾಣಿ ಮತ್ತೆ ಬರುವುದೇ ನಿಶ್ಚಯವಿಲ್ಲ. ಹೆಣ ಕಂಡ ಹದ್ದುಗಳು ಮಾತ್ರ ಹಿಂಡಾಗಿ ಬಂದು ಒಟ್ಟಿಗೆ ಸಾಯುತ್ತವೆ. ಊರಿನ ಕಾವಲು ನಾಯಿಗಳೂ ಸಾಯುತ್ತವೆ. ರಣಹದ್ದುಗಳು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿವೆ. ಅವುಗಳನ್ನು ಕೊಂದರೆ ಮೂರು ವರ್ಷಕ್ಕೆ ಕಡಮೆಯಿಲ್ಲದ ಸೆರೆವಾಸವುಂಟು.

ಕಾಡುಪ್ರಾಣಿ ದನ ಹಿಡಿದರೆ ಹೆಣವನ್ನು ಕದಲಿಸದೆ ಅರಣ್ಯ ಇಲಾಖೆಗೆ ಬೇಗನೆ ತಿಳಿಸಿ, ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ, ಪರಿಹಾರಕ್ಕೆ ಅರ್ಜಿ ಕೊಡುವುದು ಸರಿಯಾದ ದಾರಿ.

ನೇಪಾಳದ ರೈತರು ಮಾಡಿದ ಕೆಲಸ

ನೇಪಾಳದ ನವಲಪರಾಸಿ ಪ್ರದೇಶದಲ್ಲಿ ಪಿಠೌಲಿ ಎಂಬ ಹಳ್ಳಿಯಿದೆ. ಅಲ್ಲಿಯ ಜನರು ೨೦೦೬ರಲ್ಲಿ ಒಂದು ಹೊಸ ಕ್ರಮ ಆರಂಭಿಸಿದರು. ಗೇಯಲಾರದ, ಹಾಲು ಕೊಡದ ಮುದಿ ದನಗಳನ್ನು ರೈತರಿಂದ ಪಡೆದು ಒಂದೆಡೆ ಮೇವು ನೀರು ಕೊಟ್ಟು ಸಾಕುತ್ತಾರೆ. ಅವುಗಳಿಗೆ ಹದ್ದಿಗೆ ಹಾನಿಯಾಗುವ ಔಷಧಿ ಕೊಡುವುದಿಲ್ಲ. ಆಯುಸ್ಸು ತೀರಿ ತಾವಾಗಿಯೇ ಸತ್ತ ಮೇಲೆ ಹೆಣವನ್ನು ಬಯಲಿನಲ್ಲಿಟ್ಟು ಹದ್ದುಗಳಿಗೆ ಬಿಡುತ್ತಾರೆ. ಈ ಏರ್ಪಾಟಿಗೆ ಅವರಿಟ್ಟ ಹೆಸರು 'ಜಟಾಯು ರೆಸ್ಟೋರೆಂಟ್'. ಜೊತೆಗೆ ಔಷಧಿ ಅಂಗಡಿಗಳಲ್ಲಿದ್ದ ಡೈಕ್ಲೋಫಿನಾಕ್ ಸೀಸೆಗಳನ್ನು ಹಿಂದಕ್ಕೆ ಪಡೆದು ಮೆಲೋಕ್ಸಿಕಾಮ್ ಕೊಡಲಾಯಿತು. ಕೆಲವು ವರ್ಷಗಳ ನಂತರ ನೇಪಾಳದಲ್ಲಿ ಬಿಳಿ ಬೆನ್ನಿನ ರಣಹದ್ದಿನ ಸಂಖ್ಯೆ ಇಳಿಯುವುದು ನಿಂತು, ನಿಧಾನವಾಗಿ ಏರತೊಡಗಿತು. ಔಷಧಿ ಬದಲಾಯಿಸಿದರೆ ಹದ್ದು ಉಳಿಯುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ದೇಶದಲ್ಲಿ ಹರಿಯಾಣದ ಪಿಂಜೋರ್, ಅಸ್ಸಾಮಿನ ರಾಣಿ, ಪಶ್ಚಿಮ ಬಂಗಾಳದ ರಾಜಾಭಾತ್‌ಖಾವಾ, ಮಧ್ಯಪ್ರದೇಶದ ಭೋಪಾಲಗಳಲ್ಲಿ ಹದ್ದುಗಳನ್ನು ಸಾಕಿ ಮರಿ ಮಾಡಿಸುವ ಕೇಂದ್ರಗಳಿವೆ. ಇಲ್ಲಿ ಬೆಳೆದ ಮರಿಗಳನ್ನು ಹೊರಗೆ ಬಿಟ್ಟರೆ ಅವು ತಿನ್ನಬೇಕಾದುದು ನಮ್ಮ ದನಗಳ ಹೆಣಗಳನ್ನೇ. ಹೆಣದಲ್ಲಿ ವಿಷವಿದ್ದರೆ ಅಷ್ಟು ವರ್ಷಗಳ ಶ್ರಮವೂ ವ್ಯರ್ಥ.

ಕರ್ನಾಟಕದಲ್ಲಿ ಉಳಿದಿರುವ ಹದ್ದುಗಳು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ, ರಾಮನಗರದ ಹತ್ತಿರ ರಾಮದೇವರ ಬೆಟ್ಟ ಸಿಗುತ್ತದೆ. ಇದರ ಸುತ್ತಲಿನ ಸುಮಾರು ೩೪೬ ಹೆಕ್ಟೇರ್ ಪ್ರದೇಶವನ್ನು ರಾಜ್ಯ ಸರ್ಕಾರ ೨೦೧೨ರಲ್ಲಿ ರಣಹದ್ದುಗಳ ವನ್ಯಧಾಮವೆಂದು ಘೋಷಿಸಿತು. ಇಲ್ಲಿಯ ಬಂಡೆಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಬೆರಳೆಣಿಕೆಯಷ್ಟು ಉಳಿದುಕೊಂಡಿವೆ. ಬಂಡೀಪುರ, ನಾಗರಹೊಳೆ ಕಾಡುಗಳಲ್ಲಿಯೂ, ಅವಕ್ಕೆ ಹೊಂದಿಕೊಂಡ ತಮಿಳುನಾಡಿನ ಮೋಯಾರ್ ಕಣಿವೆಯಲ್ಲಿಯೂ ಬಿಳಿ ಬೆನ್ನಿನ, ಉದ್ದ ಕೊಕ್ಕಿನ ಮತ್ತು ಕೆಂಪು ತಲೆಯ ಹದ್ದುಗಳಿವೆ. ಕಾಡಿನಲ್ಲಿ ಹುಲಿ ಕೊಂದ ಜಿಂಕೆ, ಕಾಟಿಗಳ ಮಾಂಸದಲ್ಲಿ ಔಷಧಿಯ ಅಂಶವಿರುವುದಿಲ್ಲ. ಹದ್ದುಗಳು ಅಲ್ಲಿ ಉಳಿದುಬರಲು ಇದೂ ಒಂದು ಕಾರಣ.

ಈ ಪ್ರದೇಶಗಳ ಸುತ್ತಲಿನ ರೈತರ ಮೇಲೆ ಹೆಚ್ಚಿನ ಹೊಣೆಯಿದೆ. ರಾಮನಗರದ ಹದ್ದುಗಳ ಬೆಟ್ಟ ಚಿಕ್ಕದು. ಅವುಗಳ ಊಟದ ಸೀಮೆ ದೊಡ್ಡದು. ಅಕ್ಟೋಬರಿನಿಂದ ಏಪ್ರಿಲಿನವರೆಗೆ ಹದ್ದುಗಳು ಗೂಡಿನಲ್ಲಿರುವ ಕಾಲ. ಆಗ ಗೂಡಿರುವ ಬಂಡೆಯ ಬಳಿ ಕಲ್ಲು ಸಿಡಿಸುವುದು, ಬೆಂಕಿ ಹಚ್ಚುವುದು, ಗದ್ದಲ ಮಾಡುವುದು ಕೂಡದು. ಹೊಳೆದಂಡೆಯ ಹಳೆಯ ಮತ್ತಿ ಮರಗಳನ್ನು ಕಡಿಯಬಾರದು. ಹಾರಲಾಗದೆ ಬಿದ್ದಿರುವ ಹದ್ದು ಕಂಡರೆ ನೆರಳಿನಲ್ಲಿಟ್ಟು ನಾಯಿಗಳಿಂದ ಕಾಪಾಡಿ ಅರಣ್ಯ ಇಲಾಖೆಗೆ ತಿಳಿಸಬೇಕು.

ರೈತರು ಈಗಲೇ ಮಾಡಬಹುದಾದ ಕೆಲಸಗಳು

೧. ಮನೆಯಲ್ಲಿ ಉಳಿದಿರುವ ದನದ ಔಷಧಿ ಸೀಸೆಗಳ ಹೆಸರನ್ನು ಇಂದೇ ಓದಿ ನೋಡಿ. ಮೇಲೆ ಹೇಳಿದ ಐದರಲ್ಲಿ ಯಾವುದಾದರೂ ಇದ್ದರೆ ಬಳಸಬೇಡಿ, ಪಶುವೈದ್ಯರಿಗೆ ಒಪ್ಪಿಸಿ.

೨. ದನಕ್ಕೆ ನೋವುನಿವಾರಕ ಬೇಕಾದಾಗ ಮೆಲೋಕ್ಸಿಕಾಮ್ ಕೊಡುವಂತೆ ಪಶುವೈದ್ಯರನ್ನು ಕೇಳಿ.

೩. ಊರಿನ ಹಾಲು ಉತ್ಪಾದಕರ ಸಂಘದ ಸಭೆಯಲ್ಲಿ ಈ ವಿಷಯವನ್ನು ಎತ್ತಿ. ಸಂಘದ ಗೋಡೆಯ ಮೇಲೆ ಕೊಡಬಾರದ ಔಷಧಿಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆಸಿ.

೪. ಗ್ರಾಮ ಪಂಚಾಯತಿಯಲ್ಲಿ ಸತ್ತ ದನಗಳನ್ನು ಹೂಳಲು ಒಂದು ಜಾಗ ಗೊತ್ತುಮಾಡಿಸಿ.

೫. ಹೆಣಕ್ಕೆ ವಿಷವಿಡುವವರು ಕಂಡರೆ ತಿಳಿಹೇಳಿ. ಕೇಳದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ಹೊಲದಲ್ಲಿ ಎರೆಹುಳು ಹೇಗೋ, ಹೂವಿಗೆ ಜೇನು ಹೇಗೋ, ಊರಿಗೆ ರಣಹದ್ದು ಹಾಗೆ. ಇವು ಯಾವುವೂ ಕೂಲಿ ಕೇಳುವುದಿಲ್ಲ. ಅನೇಕ ಜೀವಿಗಳು ಅಳಿವಿನಂಚಿಗೆ ಬರಲು ಕಾರಣಗಳು ಹತ್ತಾರು. ಅವನ್ನು ಸರಿಪಡಿಸಲು ರೈತನೊಬ್ಬನಿಂದ ಸಾಧ್ಯವಾಗುವುದಿಲ್ಲ. ರಣಹದ್ದಿನ ವಿಷಯ ಹಾಗಲ್ಲ. ಮುಖ್ಯ ಕಾರಣ ಗೊತ್ತಿದೆ, ಬದಲಿ ಔಷಧಿ ಅಂಗಡಿಯಲ್ಲಿದೆ. ಒಂದು ಸೀಸೆಯ ಬದಲು ಇನ್ನೊಂದು ಸೀಸೆ ಕೊಳ್ಳುವಷ್ಟೇ ಕೆಲಸ. ಮುಂದಿನ ಸಲ ಕೊಟ್ಟಿಗೆಯಲ್ಲಿ ದನ ಕುಂಟಿದಾಗ ಪಶುವೈದ್ಯರನ್ನು ಕರೆಸಿ, ಸೀಸೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ, ಬಳಿಕವೇ ದನಕ್ಕೆ ಚುಚ್ಚಿಸಿ.